ಲಗಾಮಿಗಿಂತ ಮೊದಲು

ಲಗಾಮು, ಜೀನು, ಚಾಬೂಕು, ಸವಾರ, ತಬೇಲಾ. ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯಲ್ಲಿ ಈ ಮಾತುಗಳನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅರಬಿ, ಫಾರಸಿಯಿಂದ ಬಂದವು ಎಂಬುದನ್ನೂ ಮರೆತಿದ್ದೇವೆ. ಈ ಮಾತುಗಳ ಹಿಂದೆ ಕುದುರೆ ಇದೆ, ಕುದುರೆಯ ಹಿಂದೆ ಸಮುದ್ರವಿದೆ.

ದಖ್ಖನಿನಲ್ಲಿ ಯುದ್ಧಕ್ಕೆ ತಕ್ಕ ದೊಡ್ಡ ಕುದುರೆಗಳು ಸಾಕಷ್ಟು ಹುಟ್ಟುತ್ತಿರಲಿಲ್ಲ. ಬಹಮನಿಗಳು, ವಿಜಯನಗರದವರು, ವಿಜಾಪುರದ ಆದಿಲ್‌ಶಾಹಿಗಳು, ಎಲ್ಲರೂ ಅರಬ್ ಮತ್ತು ಇರಾನಿನ ಕಡೆಯಿಂದ ಹಡಗಿನಲ್ಲಿ ತರಿಸಿಕೊಂಡರು. 1510ರಲ್ಲಿ ಗೋವೆ ಪೋರ್ಚುಗೀಸರ ಪಾಲಾದಾಗ ವಿಜಾಪುರಕ್ಕೆ ಬಿದ್ದ ಪೆಟ್ಟಿನಲ್ಲಿ ಈ ಕುದುರೆ ವ್ಯಾಪಾರವೂ ಸೇರಿತ್ತು. ಗೋವೆಗೂ ವಿಜಾಪುರಕ್ಕೂ ನಡುವಿನ ದೊಡ್ಡ ಪೇಟೆಯಾಗಿದ್ದದ್ದು ನಮ್ಮ ಅಥಣಿ.

ವಾರಗಟ್ಟಲೆ ಹಡಗಿನಲ್ಲಿ ಕಟ್ಟಿಹಾಕಿದ ಪ್ರಾಣಿ ಅದು. ಇಳಿದರೆ ಹೊಸ ನೆಲ, ಹೊಸ ದನಿ, ಮುಂದೆ ಘಟ್ಟದ ಏರು. ಜವೆಗೋಧಿ ತಿಂದು ಬೆಳೆದದ್ದಕ್ಕೆ ಇಲ್ಲಿ ಬೇಯಿಸಿದ ಹುರುಳಿ. ಅಂಥದ್ದರ ಬೆನ್ನೇರುವುದು ಆಮೇಲಿನ ಮಾತು, ಮೊದಲು ಅದು ಮನುಷ್ಯನ ಕೈಯಿಂದ ಮೇವು ತಿನ್ನಬೇಕು. ಆ ಕೆಲಸದವನು ಸಾಯಿಸ. ಆಳ್ವಿಕೆ, ರಾಜಕೀಯ ಎಂಬರ್ಥದ ‘ಸಿಯಾಸತ್’ ಕೂಡ ಅದೇ ಅರಬಿ ಧಾತುವಿನಿಂದ ಬಂದದ್ದು. ಇಂದಿನ ಸಿಯಾಸತ್ ನೋಡಿದರೆ ಸಾಯಿಸನೇ ಮೇಲು ಅನಿಸುತ್ತದೆ, ಇರಲಿ.

ಸವಾರನಿಗೂ ಪಾಠವಿತ್ತು. 9ನೇ ಶತಮಾನದಲ್ಲಿ ಅಬ್ಬಾಸಿ ಖಲೀಫರ ಲಾಯ ನೋಡಿಕೊಳ್ಳುತ್ತಿದ್ದ ಇಬ್ನು ಅಖೀ ಹಿಝಾಮ್ ಕುದುರೆ ಸವಾರಿ, ಕುದುರೆ ವೈದ್ಯದ ಮೇಲೆ ಗ್ರಂಥ ಬರೆದರು. ಜೀನಿಲ್ಲದ ಬರಿ ಬೆನ್ನಿನ ಮೇಲೆ ಮೊದಲು ಕಲಿಯಬೇಕೆಂಬುದು ಅವರ ಕ್ರಮ. ಕಾರಣ ಸರಳ. ತೊಡೆಯ ಹಿಡಿತ, ನಡುವಿನ ಸಮತೋಲ ಬಾರದವನು ಬೀಳುವ ಭಯಕ್ಕೆ ಲಗಾಮಿಗೆ ಜೋತುಬೀಳುತ್ತಾನೆ. ಆ ಭಾರವೆಲ್ಲ ಕುದುರೆಯ ಬಾಯಿಗೆ. ನೋವು ಕೊಡುವ ಕೈಯನ್ನು ಯಾವ ಕುದುರೆ ನಂಬೀತು? ಚಾಂದ್‌ಬೀಬಿಯ ಪ್ರಸಿದ್ಧ ದಖ್ಖನಿ ಚಿತ್ರ ನೋಡಿದವರಿಗೆ ಇದು ಹೊಳೆಯುತ್ತದೆ. ಓಡುವ ಕುದುರೆ, ರಾಣಿಯ ಒಂದು ಕೈ ಮೇಲೆ ಡೇಗೆ. ಆ ಕೈ ಅಲುಗಿದರೆ ಹಕ್ಕಿ ಕೂರದು.

ಬಹಮನಿ ಕಾಲದಲ್ಲಿ ಸಂಸ್ಕೃತದ ಶಾಲಿಹೋತ್ರ ಶಾಸ್ತ್ರ ಫಾರಸಿಗೂ ಬಂತು. ಕುದುರೆ ವೈದ್ಯನಿಗೆ ‘ಸಲೋತ್ರಿ’ ಎಂಬ ಹೆಸರು ಬಂದದ್ದು ಆ ಶಾಲಿಹೋತ್ರನಿಂದಲೇ. ಕುದುರೆಯ ಹೊಟ್ಟೆನೋವಿಗೆ ಮದ್ದು ಹುಡುಕುವಾಗ ಅದು ಯಾರ ಗ್ರಂಥವೆಂದು ನಮ್ಮ ಹಿರಿಯರು ನೋಡಲಿಲ್ಲ.

ಇಷ್ಟೆಲ್ಲ ನೆನಪಾದದ್ದು ನಮ್ಮ ಭಾಗದ ಜಾತ್ರೆ, ಉರುಸುಗಳ ಕುದುರೆಗಾಡಿ ಶರ್ಯತ್ತುಗಳಿಂದ. ಪ್ರವಾದಿ(ಸ)ರವರ ಕಾಲದ ಮದೀನಾದಲ್ಲೂ ಕುದುರೆ ಓಟವಿತ್ತು. ಮೊದಲು ಚೆನ್ನಾಗಿ ಮೇಯಿಸಿ, ಆಮೇಲೆ ಮೇವು ಇಳಿಸಿ, ಜೂಲು ಹೊದಿಸಿ ಬೆವರಿಳಿಸಿ ಹದಗೊಳಿಸಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾವರೆಗೆ ಐದಾರು ಮೈಲಿ. ಹದಗೊಳಿಸದವುಗಳಿಗೆ ಅಲ್ಲಿಂದ ಬನೂ ಝುರೈಕ್ ಮಸೀದಿವರೆಗೆ ಒಂದೇ ಮೈಲಿ. ಇಬ್ನು ಉಮರ್(ರ) ಸ್ವತಃ ಆ ಓಟದಲ್ಲಿದ್ದರು, ಈ ವಿವರ ಅವರಿಂದಲೇ ಬಂದದ್ದು.

ನಮ್ಮಲ್ಲಿ ನಿನ್ನೆ ಮೊನ್ನೆ ಗಾಡಿಗೆ ಕಟ್ಟಿದ ಮರಿಯೂ, ವರ್ಷಗಳಿಂದ ಪಳಗಿದ ಕುದುರೆಯೂ ಒಂದೇ ಗೆರೆಯಲ್ಲಿ ನಿಂತು ಒಂದೇ ದೂರ ಓಡುವುದನ್ನು ನೋಡುತ್ತೇವೆ. ಕೊನೆಯ ತಿರುವಿನಲ್ಲಿ ಮರಿಯನ್ನು ಓಡಿಸುವುದು ಚಾಬೂಕು. ಉರುಸು ಕಮಿಟಿಗಳಲ್ಲಿ ನಮ್ಮವರೇ ಕೂತಿದ್ದಾರೆ. ಹೊಸ ಕುದುರೆಗೆ ಬೇರೆ ಗುಂಪು, ಕಡಿಮೆ ದೂರ ಗೊತ್ತುಮಾಡಲು ಒಂದು ಸಭೆ ಸಾಕು. ಈ ವರ್ಷದ ಕರಪತ್ರ ಅಚ್ಚಿಗೆ ಹೋಗುವ ಮೊದಲೇ ಆ ಸಭೆ ಕೂಡಲಿ.