ಬಿಂದುವಿಲ್ಲದ ರೇಖಾಗಣಿತ

ನಮ್ಮ ಗಬ್ಬೂರ ಕ್ರಾಸಿನಲ್ಲಿ ದಾರಿ ಹೇಳುವಾಗ ನಾನು ಕ್ರಮ ತಪ್ಪುವಂತಿಲ್ಲ. ನೂರು ಹೆಜ್ಜೆ ನಡೆದು ಬಲಕ್ಕೆ ಹೊರಳುವುದೂ, ಬಲಕ್ಕೆ ಹೊರಳಿ ನೂರು ಹೆಜ್ಜೆ ನಡೆಯುವುದೂ ಬೇರೆ ಬೇರೆ ಸ್ಥಳಕ್ಕೆ ಒಯ್ಯುತ್ತವೆ. ಗುಣಾಕಾರಕ್ಕೆ ಮಾತ್ರ ಈ ಕಟ್ಟಿಲ್ಲವೆಂದು ಶಾಲೆಯ ಮಗ್ಗಿ ಕಲಿಸಿತ್ತು.

1925ರಲ್ಲಿ ಹೈಸನ್‌ಬರ್ಗ್ ಪರಮಾಣುವಿನ ಲೆಕ್ಕ ಬರೆದಾಗ ಆ ನಂಬಿಕೆ ಮುರಿಯಿತು. ಕಣದ ಸ್ಥಾನವನ್ನೂ ಸಂವೇಗವನ್ನೂ ಗುಣಿಸುವಲ್ಲಿ ಕ್ರಮ ಬದಲಾದರೆ ಫಲವೂ ಬದಲಾಗುವುದು. ಎರಡೂ ಒಟ್ಟಿಗೆ ನಿಶ್ಚಿತವಾಗಿರುವ ಬಿಂದುವೇ ಇಲ್ಲವಾಯಿತು. ಬಿಂದುವಿಲ್ಲದೆ ರೇಖಾಗಣಿತ ಉಳಿದೀತೆ?

1936ರಲ್ಲಿ ಮರ್ರೆ ಮತ್ತು ಫಾನ್ ನಾಯ್ಮನ್ ಇಂಥ ಗುಣಾಕಾರಕ್ಕೆ ಒಳಪಡುವ ಆಪರೇಟರುಗಳ ಬೀಜಗಣಿತವನ್ನು ಕಟ್ಟತೊಡಗಿದರು. 1943ರಲ್ಲಿ ಗೆಲ್ಫಾಂಡ್ ಮತ್ತು ನೈಮಾರ್ಕ್, ಕ್ರಮಕ್ಕೆ ಕಟ್ಟುಬೀಳದ ಬೀಜಗಣಿತವೊಂದರಿಂದ ಅದರ ಹಿಂದಿನ ಪ್ರದೇಶವನ್ನೇ ಮರಳಿ ಪಡೆಯಬಹುದೆಂದು ತೋರಿಸಿದರು. ಬೆಂಗಳೂರಿನಲ್ಲಿ 1937ರಲ್ಲಿ ಜನಿಸಿ, ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದ ವಿ. ಎಸ್. ವರದರಾಜನ್, 1968ರಲ್ಲಿ ಕ್ವಾಂಟಮ್ ಸಿದ್ಧಾಂತದ ರೇಖಾಗಣಿತವನ್ನು ಕುರಿತೇ ಗ್ರಂಥ ಪ್ರಕಟಿಸಿದರು. ಕಣವನ್ನು ಕುರಿತು ಕೇಳಬಹುದಾದ ಪ್ರಶ್ನೆಗಳ ಜೋಡಣೆಗೇ ಅಲ್ಲಿ ಆಕಾರವುಂಟು. ಫ್ರಾನ್ಸಿನ ಅಲೆನ್ ಕಾನ್ 1980ರ ದಶಕದಲ್ಲಿ ಇನ್ನೂ ಮುಂದೆ ಹೋಗಿ, ಕ್ರಮಕ್ಕೆ ಕಟ್ಟುಬಿದ್ದ ಬೀಜಗಣಿತವನ್ನೇ ಪ್ರದೇಶವೆಂದು ಎಣಿಸಿ, ಅದರಲ್ಲಿ ದೂರವನ್ನೂ ಅಳೆದರು.

ಬಿಂದು ಹೋಯಿತು, ಅಳತೆ ಉಳಿಯಿತು. ಈ ಚರಿತ್ರೆಯ ಒಂದು ಪುಟ ಬೆಂಗಳೂರಿನಲ್ಲಿ ಹುಟ್ಟಿದವರೊಬ್ಬರದೆಂಬುದು ಕನ್ನಡದ ವಿದ್ಯಾರ್ಥಿಗೆ ತಿಳಿದಿರಲೆಂದೇ ನಾನು ಇಷ್ಟನ್ನು ಹೇಳಿದೆ.