ಕೊರಳಿನಿಂದ ಕಾಸಿಗೆ

ಸುಗ್ರೀವ, ಹಯಗ್ರೀವ, ದಶಗ್ರೀವ. ಗ್ರೀವ ಎಂದರೆ ಕೊರಳು. ಈ ಸಂಸ್ಕೃತ ಪದದ ದೂರದ ಬಂಧುವೊಂದು ಉಕ್ರೇನಿನ ಸಂತೆ, ಅಂಗಡಿ, ರೈಲು ನಿಲ್ದಾಣಗಳಲ್ಲಿ ದಿನವಿಡೀ ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಅಲ್ಲಿಯ ಹಣದ ಹೆಸರು ಹ್ರಿವ್ನಿಯಾ. ಸ್ಲಾವ್ ನುಡಿಗಳಲ್ಲಿ ‘ಗ್ರಿವ’ ಎಂದರೆ ಕುದುರೆಯ ಕತ್ತಿನ ಜೂಲು. ಅದರಿಂದ ಹುಟ್ಟಿದ ‘ಗ್ರಿವ್ನಾ’ ಕೊರಳಿಗೆ ತೊಡುವ ಲೋಹದ ಕಡಗ. ಹಳಗನ್ನಡದ ಪಾಲು ನಮ್ಮ ಬಾಯಲ್ಲಿ ಹಾಲಾದ ಹಾಗೆ ಉಕ್ರೇನಿಯನ್ನರ ಬಾಯಲ್ಲಿ ಹಳೆಯ ಗಕಾರ ಹಕಾರವಾಯಿತು.

ಆಭರಣದ ಹೆಸರು ಬೆಳ್ಳಿಯ ತೂಕಕ್ಕೂ ನಿಂತಿತು. ಕೀವ್ ನಗರದ ರಾಜರ ಕಾಲದ ಹ್ರಿವ್ನಾ ಆರು ಮೂಲೆಯ ಬೆಳ್ಳಿಗಟ್ಟಿ, ಸುಮಾರು 160 ಗ್ರಾಂ. ಇದೇ ಹೆಸರಿನ, ಇದಕ್ಕಿಂತ ಕಡಿಮೆ ಬೆಲೆಯ ಲೆಕ್ಕದ ಹಣವೂ ಇತ್ತು. 11ನೇ ಶತಮಾನದಲ್ಲಿ ಯಾರೊಸ್ಲಾವ್ ದೊರೆಯ ಕಾಲಕ್ಕೆ ಸೇರಿದ ‘ರುಸ್ಕಾ ಪ್ರಾವ್ದಾ’ ಎಂಬ ಕಾನೂನು ಸಂಗ್ರಹದಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ. ಕೊಲೆಗೆ ಸೇಡು ತೀರಿಸಿಕೊಳ್ಳಲು ಬಂಧುಗಳಿಲ್ಲದಿದ್ದರೆ ಕೊಂದವನಿಗೆ 40 ಹ್ರಿವ್ನಾ ದಂಡ. ಬೆರಳು ಕತ್ತರಿಸಿದರೆ 3. ಮೀಸೆಗೆ ಕೈ ಹಾಕಿದರೆ 12, ಗಡ್ಡಕ್ಕೂ 12. ಬೆರಳಿಗಿಂತ ಗಡ್ಡಕ್ಕೆ ನಾಲ್ಕು ಪಟ್ಟು! ಗಂಡಸಿನ ಮಾನ ಮೈಗಾಯಕ್ಕಿಂತ ಹೆಚ್ಚು ತೂಗುತ್ತಿದ್ದ ಸಮಾಜ ಅದು. ಯಾರೊಸ್ಲಾವನ ಮಕ್ಕಳು ಕೊಲೆಗೆ ಕೊಲೆ ಎಂಬ ಸೇಡನ್ನೇ ತೆಗೆದುಹಾಕಿ, ಆ ಜಾಗದಲ್ಲಿ ದಂಡವನ್ನು ಗೊತ್ತುಮಾಡಿದರು. ರಾಜ್ಯವೆಂಬುದು ಅಲ್ಲಿ ಬೇರೂರಿದ್ದನ್ನು ನಾನು ಕೋಟೆಗಳಲ್ಲಿ ಅಲ್ಲ, ಈ ದಂಡದ ಪಟ್ಟಿಯಲ್ಲಿ ಕಾಣುತ್ತೇನೆ. ಹಗೆ ಸಾಧಿಸುವ ಹಕ್ಕನ್ನು ಮನೆತನಗಳಿಂದ ತನ್ನ ಕೈಗೆ ತೆಗೆದುಕೊಂಡ ಆಡಳಿತ ಅದು.

ಆದರೆ ಈ ಪದ ಉಕ್ರೇನಿಯನ್ನರದು ಮಾತ್ರವಲ್ಲ. ಉತ್ತರದ ನೊವ್‌ಗೊರೊದ್‌ನಲ್ಲಿ ಸುಮಾರು 200 ಗ್ರಾಂನ ಉದ್ದನೆಯ ಬೆಳ್ಳಿಸರಳನ್ನೂ ಇದೇ ಹೆಸರಿನಿಂದ ಕರೆದರು. ರಷ್ಯನ್ನರು ಹತ್ತು ಕೊಪೆಕ್ ನಾಣ್ಯವನ್ನು ಗ್ರಿವೆನ್ನಿಕ್ ಎನ್ನುತ್ತಿದ್ದರು. ಕೀವ್, ನೊವ್‌ಗೊರೊದ್ ಎರಡೂ ಸೇರಿದ್ದ ಪ್ರಾಚೀನ ರುಸ್ ರಾಜ್ಯ ಒಂದೇ ಮನೆಯ ಆಸ್ತಿ ಎಂದು ಯಾರು ಹೇಳಿದರೂ ಇತಿಹಾಸ ಒಪ್ಪುವುದಿಲ್ಲ. ಉಕ್ರೇನಿನ ಹಕ್ಕಿಗೆ ಅಂಥ ವಾದದ ಅಗತ್ಯವೂ ಇಲ್ಲ. 1240ರಲ್ಲಿ ಮಂಗೋಲರು ಕೀವನ್ನು ಹಾಳುಗೆಡವಿದ ಮೇಲೆ ಆ ನೆಲ ಲಿಥುವೇನಿಯಾ, ಪೋಲೆಂಡ್‌ಗಳ ಕೈಗೆ ಹೋಯಿತು. 1648ರಲ್ಲಿ ಬೊಹ್ದಾನ್ ಖ್ಮೆಲ್ನಿತ್ಸ್ಕಿಯ ನಾಯಕತ್ವದಲ್ಲಿ ಅಲ್ಲಿಯ ಯೋಧ ಸಮುದಾಯವಾದ ಕೊಸಾಕರು ದಂಗೆಯೆದ್ದು ತಮ್ಮದೇ ಆಡಳಿತ ಕಟ್ಟಿದರು. ಅದನ್ನೂ ಮುಂದಿನ ಶತಮಾನದಲ್ಲಿ ರಷ್ಯಾದ ಸಾಮ್ರಾಜ್ಯ ನುಂಗಿತು. ಒಂದೊಂದು ಸಲವೂ ಕಡಿದುಹೋದದ್ದನ್ನು ಮತ್ತೆ ಕಟ್ಟಲು ಹೊರಟವರು ಹಳೆಯ ಹೆಸರುಗಳನ್ನೇ ಹುಡುಕಿ ತಂದರು. ಆ ಹಟವೇ ಅವರ ಹಕ್ಕು.

1917ರಲ್ಲಿ ಝಾರ್ ಆಳ್ವಿಕೆ ಕುಸಿದಾಗ ಕೀವ್‌ನಲ್ಲಿ ಕೂಡಿದ ‘ಕೇಂದ್ರ ರಾದಾ’ ಎಂಬ ಸಭೆಗೆ ಅಧ್ಯಕ್ಷನಾದವನು ಇತಿಹಾಸಕಾರ ಮಿಖೈಲೊ ಹ್ರುಶೆವ್‌ಸ್ಕಿ. ಉಕ್ರೇನಿನ ಚರಿತ್ರೆಯನ್ನು ಸಂಪುಟ ಸಂಪುಟವಾಗಿ ಬರೆಯುತ್ತಿದ್ದವನು ಅದನ್ನು ಕಟ್ಟುವ ಕೆಲಸಕ್ಕೂ ಕೈಹಾಕಿದ. ಕೀವ್ ಆಳಿದ ವೊಲೊದಿಮಿರ್ ದೊರೆಯ ಸಾವಿರ ವರ್ಷದ ಹಿಂದಿನ ನಾಣ್ಯದಲ್ಲಿದ್ದ ತ್ರಿಶೂಲ, ರಾದಾ ಸಾರಿದ ಗಣರಾಜ್ಯದ ಲಾಂಛನವಾಯಿತು. 1918ರ ಮಾರ್ಚ್ 1ರ ಕಾನೂನು ಹ್ರಿವ್ನಿಯಾವನ್ನು ದೇಶದ ಹಣವೆಂದು ಸಾರಿತು. ಅದರ ನೂರನೇ ಒಂದು ಭಾಗಕ್ಕೆ ಶಾಹ್ ಎಂದು ಹೆಸರು. (ಪಾರಸಿಯ ದೊರೆಗಳಿಗೂ ಇದಕ್ಕೂ ನಂಟಿಲ್ಲ.) ನೂರರ ನೋಟಿಗೆ ಚಿತ್ರ ಬರೆದವನು ಹೆಯೊರ್ಹಿ ನಾರ್ಬುತ್ ಎಂಬ ಕಲಾವಿದ. ಮುದ್ರಣವಾದದ್ದು ಬರ್ಲಿನ್‌ನಲ್ಲಿ. ನೋಟುಗಳು ಚಲಾವಣೆಗೆ ಬರುವಷ್ಟರಲ್ಲಿ ಕೀವ್‌ನಲ್ಲಿ ಸರ್ಕಾರವೇ ಬದಲಾಗಿ, ಪಾವ್ಲೊ ಸ್ಕೊರೊಪಾದ್‌ಸ್ಕಿ ‘ಹೆಟ್‌ಮನ್’ ಎಂಬ ಕೊಸಾಕರ ಹಳೆಯ ಬಿರುದಿನಲ್ಲಿ ಆಳುತ್ತಿದ್ದ. ಜನ ಕೈಗೆತ್ತಿಕೊಂಡ ನೋಟಿನ ಮೇಲಿದ್ದದ್ದು ಆಗಲೇ ಉರುಳಿಹೋಗಿದ್ದ ಗಣರಾಜ್ಯದ ಹೆಸರು. ನಾರ್ಬುತ್ 1920ರಲ್ಲಿ, ಇನ್ನೂ ಮೂವತ್ತರ ಹರೆಯದಲ್ಲೇ ತೀರಿಕೊಂಡ.

2022ರ ಫೆಬ್ರುವರಿ 21ರಂದು, ಉಕ್ರೇನಿನ ಮೇಲೆ ರಷ್ಯಾದ ದೊಡ್ಡ ದಾಳಿಗೆ ಮೂರು ದಿನ ಮೊದಲು, ಇಂದಿನ ಉಕ್ರೇನ್ ಸಂಪೂರ್ಣವಾಗಿ ಬೊಲ್ಶೆವಿಕ್ ರಷ್ಯಾದ ಸೃಷ್ಟಿ ಎಂದು ಪುಟಿನ್ ಹೇಳಿದಾಗ ನನಗೆ ನೆನಪಾದದ್ದು ಆ ಬರ್ಲಿನ್ ನೋಟುಗಳು. ಬೊಲ್ಶೆವಿಕರೊಂದಿಗೆ ಯುದ್ಧ ನಡೆಯುತ್ತಿರುವಾಗಲೇ ಮಾಡಿದ ಕಾನೂನು ಆ ಹಣವನ್ನು ಹುಟ್ಟಿಸಿತ್ತು.

ಸೋವಿಯತ್ ಕಾಲದ ರೂಬಲ್ ನೋಟಿನ ಮೇಲೆ ಗಣರಾಜ್ಯಗಳ ಭಾಷೆಗಳೆಲ್ಲ ಇದ್ದವು. ಉಕ್ರೇನಿಯನ್ ಸಾಲಿನಲ್ಲಿ ಹ್ರಿವ್ನಿಯಾ ಇರಲಿಲ್ಲ, ಕಾರ್ಬೊವಾನೆತ್ಸ್ ಇತ್ತು. ಸ್ವಾತಂತ್ರ್ಯದ ನಂತರದ ತಾತ್ಕಾಲಿಕ ಕೂಪನ್ ಹಣಕ್ಕೂ ಅದೇ ಹೆಸರು. ಬೆಲೆಯೇರಿಕೆ ಅದನ್ನು ಕಸಕ್ಕೆ ಸಮ ಮಾಡಿತು. 1992ರ ಇಸವಿ ಹೊತ್ತು ಕೆನಡಾದಲ್ಲಿ ಅಚ್ಚಾದ ಹ್ರಿವ್ನಿಯಾ ನೋಟುಗಳು ನಾಲ್ಕು ವರ್ಷ ಕಾದವು. 1996ರ ಸೆಪ್ಟೆಂಬರ್ 2ರಿಂದ ಒಂದು ಲಕ್ಷ ಕಾರ್ಬೊವಾನೆತ್ಸ್‌ಗೆ ಒಂದು ಹ್ರಿವ್ನಿಯಾದಂತೆ ಜನರಿಗೆ ಸಿಕ್ಕವು. ಒಂದರ ಮೇಲೆ ವೊಲೊದಿಮಿರ್, ಎರಡರ ಮೇಲೆ ದಂಡದ ಪಟ್ಟಿಯ ಯಾರೊಸ್ಲಾವ್, ಐದರ ಮೇಲೆ ಖ್ಮೆಲ್ನಿತ್ಸ್ಕಿ, ಐವತ್ತರ ಮೇಲೆ ಹ್ರುಶೆವ್‌ಸ್ಕಿ. ಹತ್ತರ ಮೇಲಿದ್ದವನು ರಷ್ಯಾದ ಪೀಟರ್ ದೊರೆಯ ವಿರುದ್ಧ ತಿರುಗಿಬಿದ್ದು, ರಷ್ಯಾದ ಚರ್ಚಿನಿಂದ ಬಹಿಷ್ಕಾರದ ಶಾಪ ಹಾಕಿಸಿಕೊಂಡ ಇವಾನ್ ಮಜೆಪಾ.

ಚಿಲ್ಲರೆಯ ಹೆಸರು ಮಾತ್ರ ಕೊಪೀಯ್ಕಾ, ಅಂದರೆ ರಷ್ಯನ್ನರ ಕೊಪೆಕ್, ಎಂದೇ ಉಳಿದಿತ್ತು. ಅದನ್ನು ತೆಗೆದು ಶಾಹ್ ಎಂದು ಇಡಬೇಕೆಂದು 2024ರಲ್ಲಿ, ಯುದ್ಧದ ನಡುವೆಯೇ, ಉಕ್ರೇನಿನ ರಾಷ್ಟ್ರೀಯ ಬ್ಯಾಂಕ್ ಪ್ರಸ್ತಾಪ ಮುಂದಿಟ್ಟಿತು.