ದಾಳಿಂಬೆಯ ಸಿಪ್ಪೆ

ದೇವಸುಗೂರಿನಲ್ಲಿ ಸೂಗೂರೇಶ್ವರನ ದರ್ಶನ ಮುಗಿಸಿ, ಕೃಷ್ಣೆಯ ದಂಡೆಯಲ್ಲಿ ಕುಳಿತು ದಾಳಿಂಬೆ ಬಿಡಿಸಿ ತಿಂದವರು ಸಿಪ್ಪೆಯನ್ನು ಅಲ್ಲಿಯೇ ಎಸೆದು ಏಳುತ್ತಾರೆ. ಹಿಂದಿನ ಮುದುಕಿಯರು ಹಾಗೆ ಎಸೆಯುತ್ತಿರಲಿಲ್ಲ. ಒಣಗಿಸಿ ಡಬ್ಬಿಯಲ್ಲಿಟ್ಟು, ಮನೆಯಲ್ಲಿ ಯಾರಿಗಾದರೂ ಭೇದಿಯಾದರೆ ಕಷಾಯ ಕಾಸಿ ಕುಡಿಸುತ್ತಿದ್ದರು. ಅದರ ಒಗರನ್ನು ಒಮ್ಮೆ ಕುಡಿದವರು ಮರೆಯಲಾರರು! ಬಣ್ಣಗಾರರು ಅದೇ ಸಿಪ್ಪೆಯನ್ನು ಕುದಿಸಿ ಪಟಿಕದೊಡನೆ ಹಳದಿಯನ್ನೂ ಕಬ್ಬಿಣದೊಡನೆ ಕಪ್ಪನ್ನೂ ಪಡೆಯುತ್ತಿದ್ದರು. ತೊಗಲು ಹದ ಮಾಡುವುದಕ್ಕೂ ಅದು ಒದಗುತ್ತಿತ್ತು. ಮೂರೆಡೆಯಲ್ಲಿಯೂ ಕೆಲಸ ಮಾಡಿದುದು ಟ್ಯಾನಿನ್ ಎಂಬ ಒಗರು ವಸ್ತು. ಮೂರೆಡೆಯಲ್ಲಿಯೂ ಅದನ್ನು ಹೊರಗೆಳೆದುದು ಬರಿಯ ನೀರು.

ನೀರಿಗೆ ಬಾರದುದು ಬೇರೆ ದ್ರಾವಕಕ್ಕೆ ಬರುವುದುಂಟು. ನಮ್ಮ ವೈದ್ಯರ ಆಸವ ಅರಿಷ್ಟಗಳಲ್ಲಿ ನೀರಿನೊಡನೆ ದುಡಿಯುವುದು ಮದ್ಯಸಾರವೇ. ಫ್ರಾನ್ಸಿನಲ್ಲಿ 1820ರಲ್ಲಿ ಪೆಲ್ಲೆಟಿಯೇ ಮತ್ತು ಕವಾಂಟು ಎಂಬಿಬ್ಬರು ಸಿಂಕೋನಾ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದರು. 1878ರಲ್ಲಿ ಟಾನ್ರೆ ಎಂಬಾತ ದಾಳಿಂಬೆಯ ತೊಗಟೆಯಿಂದ ಲಾಡಿಹುಳುವಿನ ಮದ್ದನ್ನು ತೆಗೆದು, ಹಿರಿಯನ ಗೌರವಾರ್ಥ ಪೆಲ್ಲೆಟಿಯರೀನ್ ಎಂದು ಹೆಸರಿಟ್ಟ. ತೊಗಟೆಗೆ ಸಂದ ಮರ್ಯಾದೆ ಇದು. ಸಿಪ್ಪೆಯ ಕಥೆಗೆ ಮೈಸೂರಿಗೆ ಬರಬೇಕು.

ಅಲ್ಲಿಯ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಆರ್. ಪಿ. ಸಿಂಗ್, ಕೆ. ಎನ್. ಚಿದಂಬರಮೂರ್ತಿ, ಜಿ. ಕೆ. ಜಯಪ್ರಕಾಶ ಅವರು ದಾಳಿಂಬೆಯ ಸಿಪ್ಪೆಯನ್ನೂ ಬೀಜವನ್ನೂ ಈಥೈಲ್ ಅಸಿಟೇಟ್, ಮೆಥನಾಲ್, ನೀರು, ಈ ಮೂರರಲ್ಲಿ ಬೇರೆ ಬೇರೆಯಾಗಿ ಇಳಿಸಿ ನೋಡಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಕ್ಯಾರೋಟಿನ್ನಿನ ಕಿತ್ತಳೆ ಬಣ್ಣ, ಜೊತೆಯಲ್ಲಿರುವ ಕೊಬ್ಬು ಕೆಟ್ಟಂತೆಲ್ಲ ಮಾಸುತ್ತದೆ. ಸಿಪ್ಪೆಯ ಸತ್ತ್ವ ಸೇರಿಸಿದರೆ ಅದು ಎಷ್ಟು ಉಳಿದೀತು? ಹತ್ತು ಲಕ್ಷಕ್ಕೆ 50 ಭಾಗದಷ್ಟು ಮೆಥನಾಲ್ ಸತ್ತ್ವಕ್ಕೆ ಶೇಕಡ 83ರ ರಕ್ಷಣೆ ಕಂಡಿತು. ಬೀಜದ ಸತ್ತ್ವವನ್ನು ಇಮ್ಮಡಿ ಹಾಕಿದರೂ ಶೇಕಡ 23ನ್ನು ಮುಟ್ಟಲಿಲ್ಲ. ನಾವು ತಿನ್ನುವುದು ಯಾವುದನ್ನು, ಎಸೆಯುವುದು ಯಾವುದನ್ನು!

2003ರಲ್ಲಿ ನೇಗಿ ಮತ್ತು ಜಯಪ್ರಕಾಶ ಅವರು ಅಸಿಟೋನನ್ನೂ ಪರೀಕ್ಷೆಗೆ ಸೇರಿಸಿದರು. ಬ್ಯಾಕ್ಟೀರಿಯಾಗಳನ್ನು ತಡೆಯುವುದರಲ್ಲಿ ಅಸಿಟೋನಿನ ಸತ್ತ್ವವೇ ಮುಂದಾಯಿತು. ಕೊಬ್ಬು ಕೆಡದಂತೆ ಕಾಯುವ ಗುಣದಲ್ಲಿ ನೀರಿನದು ಎಲ್ಲಕ್ಕಿಂತ ಹಿಂದುಳಿಯಿತು. ಹಾಗಾದರೆ ಅಜ್ಜಿಯ ಕಷಾಯ ಸುಳ್ಳೆ? ಹಾಗೆನ್ನುವುದು ಅವಸರದ ಮಾತು. ಆಕೆಗೆ ಬೇಕಾಗಿದ್ದುದು ಭೇದಿ ನಿಲ್ಲಿಸುವ ಒಗರು. ಅದು ನೀರಿಗೆ ಇಳಿಯುತ್ತದೆ. ಪ್ರಯೋಗಶಾಲೆ ಕೇಳಿದ ಪ್ರಶ್ನೆಯೇ ಬೇರೆ. ಅಲ್ಲದೆ ಗಾಜಿನ ಕೊಳವೆಯಲ್ಲಿ ಬಣ್ಣ ಉಳಿಸಿದುದೆಲ್ಲ ಮನುಷ್ಯನ ಹೊಟ್ಟೆಯಲ್ಲಿ ಮದ್ದಾಗುವುದಿಲ್ಲ. ಅದೇ ಬಳಗ ಇಲಿಗಳ ಮೇಲೆಯೂ ಪ್ರಯೋಗ ನಡೆಸಿ, ವಿಷವುಣಿಸಿದ ಇಲಿಗಳ ದೇಹರಕ್ಷಕ ಕಿಣ್ವಗಳು ಈ ಸತ್ತ್ವದಿಂದ ಉಳಿದುದನ್ನು ಕಂಡಿತು. ಆದರೂ ಇಲಿ ಇಲಿಯೇ.

ಇನ್ನೊಂದು ತೊಡಕುಂಟು. ಮೆಥನಾಲ್ ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ, ಪ್ರಾಣವೂ ಹೋದೀತು. ಸತ್ತ್ವದಿಂದ ಅದನ್ನು ಪೂರ್ತಿಯಾಗಿ ಆವಿ ಮಾಡಿ ತೆಗೆಯದೆ ಆಹಾರಕ್ಕೆ ಬೆರೆಸುವಂತಿಲ್ಲ. ಅದು ಅಡುಗೆಮನೆಯ ಕೆಲಸವಲ್ಲ. ಆದುದರಿಂದಲೇ ಈಚಿನ ಸಂಶೋಧಕರಲ್ಲಿ ಅನೇಕರು ಮದ್ಯಸಾರವನ್ನು ನೀರಿನೊಡನೆ ಬೆರೆಸಿ ಸಿಪ್ಪೆಯನ್ನು ನೆನೆಹಾಕುತ್ತಿದ್ದಾರೆ.